ಎಲ್‌ಒಸಿ ಬಂದಿಲ್ಲೋ ತಮ್ಮಾ: ದುಡಿಮೆ ಬಿದ್ದ ವರ್ಷ ಸರ್ಕಾರದ ಕಿಸೆಯಲ್ಲಿ ಏನಾಗುತ್ತದೆ?

2020ರ ಮಳೆಗಾಲ. ಬೆಳಗಾವಿಯಿಂದ ಬೈಲಹೊಂಗಲದ ಕಡೆ ಹೋಗುವ ದಾರಿಯಲ್ಲಿ ಒಂದು ಊರು, ಹೆಸರು ಬೇಡ. ಅಲ್ಲಿನ ಶಾಲೆಗೆ ಎರಡು ಹೊಸ ಕೋಣೆ ಕಟ್ಟುತ್ತಿದ್ದರು. ಗೋಡೆ ಲಿಂಟಲ್‌ವರೆಗೆ ಎದ್ದು ನಿಂತಿತ್ತು. ಕಾಲಂಗಳ ತುದಿಯಲ್ಲಿ ಹೊರಚಾಚಿದ ಸರಳುಗಳಿಗೆ ತುಕ್ಕು ಹಿಡಿದಿತ್ತು. ತುಕ್ಕಿನ ನೀರು ಸಿಮೆಂಟಿನ ಮೇಲೆ ಇಳಿದು ಕೆಂಪು ಗೆರೆ ಮೂಡಿತ್ತು. ಒಳಗೆ ಎರಡು ಆಡು ಮಲಗಿದ್ದವು. ಗುತ್ತಿಗೆದಾರರು ನನಗೆ ದೂರದ ಸಂಬಂಧಿ, ಕಾಕಾ ಎಂದೇ ಕರೆಯುತ್ತೇನೆ.

"ಯಾಕ್ರೀ ಕಾಕಾ, ಕೆಲಸ ನಿಂತದಲ್ಲ?"

"ಎಲ್‌ಒಸಿ ಬಂದಿಲ್ಲೋ ತಮ್ಮಾ. ಬಂದ್ರ ನಾಳೆನ ಸ್ಲ್ಯಾಬ್ ಹಾಕ್ತೀನಿ."

ನಮ್ಮ ಕಡೆ ಸರ್ಕಾರಿ ಕೆಲಸ ಮಾಡುವವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಇದು. ಇಂಜಿನಿಯರ್ ಬಂದು ಅಳತೆ ಬರೆದುಕೊಂಡಿರುತ್ತಾರೆ, ಬಿಲ್ ಕೂಡ ಪಾಸ್ ಆಗಿರುತ್ತದೆ. ಆದರೆ ಇಲಾಖೆ ಇಷ್ಟು ದುಡ್ಡು ಕೊಡಬಹುದು ಎಂದು ಮೇಲಿನಿಂದ ಅನುಮತಿ ಬರುವ ತನಕ ಕೈಗೆ ಕಾಸು ಸಿಗುವುದಿಲ್ಲ. ಆ ಅನುಮತಿಯೇ ಎಲ್‌ಒಸಿ. ಬಜೆಟ್ ಓದುವಾಗ ಯಾವ ಮಂತ್ರಿಯೂ "ಶಾಲೆಯ ಕೋಣೆ ಕಡಿತ ಮಾಡಿದ್ದೇವೆ" ಎಂದು ಹೇಳುವುದಿಲ್ಲ. ಎಲ್‌ಒಸಿ ತಡವಾಗುತ್ತದೆ, ಅಷ್ಟೇ. ಕಡಿತ ಎನ್ನುವುದು ಹಳ್ಳಿಗೆ ಬರುವುದು ಹೀಗೆ, ಸದ್ದಿಲ್ಲದೆ.

ಅವತ್ತು ಕಾಕಾ ಇನ್ನೊಂದು ಮಾತು ಅಂದರು. "ಸರ್ಕಾರದ ಕಡೆನ ರೊಕ್ಕ ಇಲ್ಲ, ಅವರಾದ್ರೂ ಏನ್ ಮಾಡ್ಯಾರು? ಮನಿಯಾಗ ಆದ್ರೂ ಹಂಗ ಅಲ್ಲೇನು, ಗಳಿಕಿ ಕಮ್ಮಿ ಆದ್ರ ಖರ್ಚು ಕಮ್ಮಿ ಮಾಡಬೇಕು."

ಕೇಳಲು ಸರಿಯಾಗಿಯೇ ಇದೆ. ಟಿವಿ ಚರ್ಚೆಯಲ್ಲೂ ಇದನ್ನೇ ಹೇಳುತ್ತಾರೆ. ಆದರೆ ನನ್ನ ಪ್ರಕಾರ ಸರ್ಕಾರದ ಲೆಕ್ಕದಲ್ಲಿ ಅತಿ ಹೆಚ್ಚು ಹಾನಿ ಮಾಡಿರುವುದು ಈ ಸರಿಯಾಗಿ ಕೇಳಿಸುವ ಮಾತೇ.

ಮೊದಲು ಎರಡು ಶಬ್ದ ಬಿಡಿಸಿಕೊಳ್ಳೋಣ. ಪತ್ರಿಕೆಯಲ್ಲಿ ರಾಜಸ್ವ ಕೊರತೆ, ವಿತ್ತೀಯ ಕೊರತೆ ಎಂದು ಬರುತ್ತದಲ್ಲ, ಎರಡೂ ಒಂದೇ ಅಲ್ಲ. ಕಿರಾಣಿ, ಕರೆಂಟ್ ಬಿಲ್, ಮಕ್ಕಳ ಫೀ, ಹಳೆಯ ಸಾಲದ ಬಡ್ಡಿ ಇವಕ್ಕೇ ಪಗಾರ ಸಾಲದೆ ಹೋದರೆ ಅದು ರಾಜಸ್ವ ಕೊರತೆ. ಇವುಗಳ ಜೊತೆಗೆ ಬೋರ್ ಹೊಡೆಸಿದ್ದು, ಕೋಣೆ ಕಟ್ಟಿಸಿದ್ದು ಎಲ್ಲ ಸೇರಿಸಿ ವರ್ಷದಲ್ಲಿ ಒಟ್ಟು ಎಷ್ಟು ಸಾಲ ಬೇಕಾಯಿತೋ ಅದು ವಿತ್ತೀಯ ಕೊರತೆ. ಬೋರಿಗೆ ಮಾಡಿದ ಸಾಲ ನೀರು ಬಿದ್ದರೆ ತೀರುತ್ತದೆ. ಕಿರಾಣಿಗೆ ಮಾಡಿದ ಸಾಲ ಮುಂದಿನ ತಿಂಗಳು ಮತ್ತೆ ಬಂದು ಕೂರುತ್ತದೆ. ಕರ್ನಾಟಕದ ಮಟ್ಟಿಗೆ 2004-05ರಿಂದ ಹದಿನಾರು ವರ್ಷ ರಾಜಸ್ವ ಲೆಕ್ಕದಲ್ಲಿ ಉಳಿತಾಯವೇ ಇತ್ತು. ಆ ಓಟ 2020-21ರಲ್ಲಿ ಮುರಿಯಿತು.

ಮನೆಯ ಹೋಲಿಕೆ ಇಲ್ಲಿಯವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನು ಮುಂದೆ ಅದನ್ನು ಬಿಡಬೇಕು.

ನಾನು ಖರ್ಚು ಕಡಿಮೆ ಮಾಡಿದರೆ ನನ್ನ ಪಗಾರ ಕಡಿಮೆಯಾಗುವುದಿಲ್ಲ. ಹೋಟೆಲಿಗೆ ಹೋಗುವುದು ಬಿಟ್ಟರೆ ಹೋಟೆಲಿನವನಿಗೆ ನಷ್ಟ, ನನಗಲ್ಲ. ಸರ್ಕಾರಕ್ಕೆ ಈ ಸುಖ ಇಲ್ಲ. ಅದು ಬಿಟ್ಟ ಖರ್ಚು ಯಾರದೋ ಗಳಿಕೆ, ಆ ಗಳಿಕೆಯ ಮೇಲೆ ತೆರಿಗೆ ಹಾಕಿಯೇ ಸರ್ಕಾರ ಬದುಕುವುದು. ಹೋಟೆಲು, ಗಿರಾಕಿ ಎರಡೂ ಅದೇ.

ಕಾಕಾನ ಎರಡು ಕೋಣೆಯನ್ನೇ ನೋಡಿ. ಎಲ್‌ಒಸಿ ಬಂದಿದ್ದರೆ ಮೊದಲು ಸಿಮೆಂಟ್ ಬರುತ್ತಿತ್ತು. ಆಗ ಸಿಮೆಂಟಿನ ಮೇಲೆ ಶೇ 28 ಜಿಎಸ್‌ಟಿ, ಸರಳಿನ ಮೇಲೆ ಶೇ 18. ಅಂದರೆ ಸರ್ಕಾರ ಕೊಡುವ ದುಡ್ಡಿನ ಒಂದು ಪಾಲು ಊರು ಸುತ್ತುವ ಮೊದಲೇ ಸರ್ಕಾರಕ್ಕೆ ವಾಪಸ್. ಉಸುಕು ತರುವ ಟಿಪ್ಪರ್‌ಗೆ ಡೀಸೆಲ್ ಬೇಕು, ಡೀಸೆಲಿನಲ್ಲಿ ಎಷ್ಟು ತೆರಿಗೆ ಎನ್ನುವುದು ನಿಮಗೇ ಗೊತ್ತು. ಆಮೇಲೆ ಗೌಂಡಿಗಳ ಪಗಾರ. ಗೌಂಡಿಯ ಕೈಗೆ ವಾರದ ಬಟವಾಡೆ ಬಂದರೆ ಅದು ಬ್ಯಾಂಕಿನಲ್ಲಿ ಮಲಗುವುದಿಲ್ಲ. ಸಂತೆಗೆ ಹೋಗುತ್ತದೆ, ಉದ್ರಿ ತೀರಿಸುತ್ತದೆ, ಮಗಳಿಗೆ ಚಪ್ಪಲಿ ತರುತ್ತದೆ. ಕಿರಾಣಿಯವನು ಬೆಳಗಾವಿಯ ರವಿವಾರ ಪೇಟೆಯಿಂದ ಮಾಲು ತರಿಸುತ್ತಾನೆ. ಚಪ್ಪಲಿಯವನು ಮಗನ ಮದುವೆಗೆ ಒಂದು ಇಳಕಲ್ ಸೀರೆ ಹೆಚ್ಚಿಗೆ ಕೊಳ್ಳುತ್ತಾನೆ.

ಒಂದು ಲೆಕ್ಕ ಹಾಕೋಣ. ಪ್ರತಿಯೊಬ್ಬರೂ ಕೈಗೆ ಬಂದ 100 ರೂಪಾಯಿಯಲ್ಲಿ 60 ರೂಪಾಯಿ ಇಲ್ಲೇ ಖರ್ಚು ಮಾಡುತ್ತಾರೆ ಎಂದುಕೊಳ್ಳಿ. ಮೊದಲ 100, ಆಮೇಲೆ 60, ಆಮೇಲೆ 36, ಆಮೇಲೆ 21 ಮತ್ತು ಚಿಲ್ಲರೆ. ಕೂಡುತ್ತ ಹೋದರೆ 250ಕ್ಕೆ ನಿಲ್ಲುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನು ಗುಣಕ ಎನ್ನುತ್ತಾರೆ. 60 ಎನ್ನುವುದು ನಾನು ಸುಮ್ನೆ ಹಿಡಿದ ಅಂಕಿ. ನಿಜದಲ್ಲಿ ಎಷ್ಟು ಎನ್ನುವುದರ ಬಗ್ಗೆ ತಿಳಿದವರೇ ಜಗಳಾಡುತ್ತಾರೆ. ಎಲ್ಲ ಕಾರ್ಖಾನೆ ಪೂರ್ತಿ ಓಡುತ್ತಿದ್ದು, ಗೌಂಡಿ ಸಿಗುವುದೇ ಕಷ್ಟ ಎನ್ನುವ ಕಾಲದಲ್ಲಿ ಸರ್ಕಾರ ಹೆಚ್ಚು ಖರ್ಚು ಮಾಡಿದರೆ ಬೆಲೆ ಏರುತ್ತದೆ, ಕೆಲಸ ಅಷ್ಟು ಹೆಚ್ಚುವುದಿಲ್ಲ. ಆದರೆ ಗೌಂಡಿ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿರುವ ವರ್ಷ ಲೆಕ್ಕವೇ ಬೇರೆ. ಅವನನ್ನು ಯಾರ ಕೆಲಸದಿಂದಲೂ ಕಿತ್ತು ತರಬೇಕಿಲ್ಲ.

ಈ ಸರಪಳಿ ಹಿಂದಕ್ಕೂ ಓಡುತ್ತದೆ, ಕಷ್ಟ ಇರುವುದು ಅಲ್ಲಿಯೇ. 100 ರೂಪಾಯಿ ಕಡಿದರೆ 250 ಮಾಯ.

ಈಗ ಆದಾಯದ ಕಡೆ ಬರೋಣ. ರಾಜ್ಯಕ್ಕೆ ತನ್ನದೇ ತೆರಿಗೆ ಬರುವುದು ಮುಖ್ಯವಾಗಿ ನಾಲ್ಕು ದಾರಿಯಲ್ಲಿ: ಜಿಎಸ್‌ಟಿ ಮತ್ತು ಪೆಟ್ರೋಲ್‌-ಡೀಸೆಲ್ ಮಾರಾಟ ತೆರಿಗೆ, ಅಬಕಾರಿ, ಮುದ್ರಾಂಕ ಮತ್ತು ನೋಂದಣಿ, ಮೋಟಾರು ವಾಹನ ತೆರಿಗೆ. ನಾಲ್ಕೂ ನಾವು ಖುಷಿಯಲ್ಲಿದ್ದಾಗ ಮಾಡುವ ಖರ್ಚು, ಗಮನಿಸಿದಿರಾ? ಸೈಟು ಕೊಳ್ಳುವುದು, ಗಾಡಿ ತೆಗೆದುಕೊಳ್ಳುವುದು, ಊರೂರು ತಿರುಗುವುದು, ಎಣ್ಣೆ ಹೊಡೆಯುವುದು. ಕೊನೆಯದನ್ನು ದುಃಖದಲ್ಲೂ ಮಾಡುತ್ತಾರೆ, ಅದಕ್ಕೇ ಅಬಕಾರಿ ಇಲಾಖೆಯ ಮೇಲೆ ಸರ್ಕಾರಕ್ಕೆ ಅಷ್ಟು ಪ್ರೀತಿ. 2020ರ ಮೇ ತಿಂಗಳಲ್ಲಿ ಬಾರ್ ಬಾಗಿಲು ತೆರೆಯಲು ಇದ್ದ ಅವಸರ ನೆನಪಿರಬೇಕಲ್ಲ.

ಗಾಡಿ ಮಾರಾಟ ಬಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಫೌಂಡ್ರಿಗೆ ಆರ್ಡರ್ ಬರುವುದಿಲ್ಲ. ಭಟ್ಟಿ ವಾರಕ್ಕೆ ಮೂರೇ ದಿನ ಹೊತ್ತುತ್ತದೆ. ಓವರ್‌ಟೈಮ್ ನಿಂತರೆ ಅಲ್ಲಿನ ಹುಡುಗ ಬೈಕ್ ತೆಗೆದುಕೊಳ್ಳುವುದನ್ನು ಮುಂದೂಡುತ್ತಾನೆ. ಹೀಗೆ ವಾಹನ ತೆರಿಗೆ, ಜಿಎಸ್‌ಟಿ, ಪೆಟ್ರೋಲ್ ತೆರಿಗೆ ಮೂರೂ ಒಟ್ಟಿಗೆ ಬೀಳುತ್ತವೆ. ಜನರ ಗಳಿಕೆ ಹತ್ತು ಭಾಗ ಬಿದ್ದರೆ ತೆರಿಗೆ ಹತ್ತಕ್ಕಿಂತ ಜಾಸ್ತಿಯೇ ಬೀಳಬಹುದು, ಏಕೆಂದರೆ ಜನ ಮೊದಲು ಬಿಡುವುದು ತೆರಿಗೆ ಹೆಚ್ಚಿರುವ ಸಾಮಾನನ್ನೇ. ಜೋಳದ ರೊಟ್ಟಿ ಯಾರೂ ಬಿಡುವುದಿಲ್ಲ, ಬಿಡಿ ಜೋಳಕ್ಕೆ ಜಿಎಸ್‌ಟಿಯೂ ಇಲ್ಲ.

2020 ಇದರ ವಿಪರೀತ ಉದಾಹರಣೆ. 2019ರ ಏಪ್ರಿಲ್‌ನಲ್ಲಿ ದೇಶದಲ್ಲಿ ಬಂದ ಜಿಎಸ್‌ಟಿ ಸುಮಾರು 1.14 ಲಕ್ಷ ಕೋಟಿ ರೂಪಾಯಿ. ಒಂದು ವರ್ಷದ ನಂತರ, ಲಾಕ್‌ಡೌನ್ ಏಪ್ರಿಲ್‌ನಲ್ಲಿ, ಸುಮಾರು 32 ಸಾವಿರ ಕೋಟಿ. ಕೇಂದ್ರ ಸರ್ಕಾರ ಆ ಹಣಕಾಸು ವರ್ಷಕ್ಕೆ ಜಿಡಿಪಿಯ ಶೇ 3.5ರಷ್ಟು ಕೊರತೆ ಎಂದು ಅಂದಾಜು ಹಾಕಿತ್ತು. ಕೊನೆಗೆ ಆದದ್ದು ಶೇ 9.2. ಇದರಲ್ಲಿ ಒಂದಷ್ಟು ಪಾಲು ಆಹಾರ ನಿಗಮದ ಹೆಸರಿನಲ್ಲಿ ಅಡಗಿಸಿಟ್ಟಿದ್ದ ಹಳೆಯ ಸಾಲವನ್ನು ಪುಸ್ತಕಕ್ಕೆ ತಂದದ್ದು. ಉಳಿದದ್ದು ತೆರಿಗೆ ಬಿದ್ದದ್ದು, ಪಡಿತರ ಮತ್ತು ಉದ್ಯೋಗ ಖಾತ್ರಿಯ ಖರ್ಚು ಏರಿದ್ದು. ಜಿಡಿಪಿ ಕುಗ್ಗಿದಾಗ ಭಾಗಿಸುವ ಸಂಖ್ಯೆಯೇ ಚಿಕ್ಕದಾಗುತ್ತದೆ, ಅದರಿಂದಲೂ ಶೇಕಡಾ ಏರುತ್ತದೆ.

ಹಾಗಾದರೆ ಆ ವರ್ಷದ ಕೊರತೆ ಸರ್ಕಾರದ ದುಂದಿನ ಗುರುತೇ? ಬಹುಪಾಲು ಅಲ್ಲ. ಜ್ವರ ಬಂದಾಗ ಮೈ ಬಿಸಿಯಾಗುವಂತೆ ಅದು ತಾನಾಗಿ ಏರುತ್ತದೆ. ಅದು ಏರುವುದು ಒಳ್ಳೆಯದು ಕೂಡ. ತೆರಿಗೆ ಕಡಿಮೆ ಬಂತು ಎಂದರೆ ಅಷ್ಟು ಹಣ ಜನರ ಕೈಯಲ್ಲೇ ಉಳಿಯಿತು ಎಂದರ್ಥ. ಉದ್ಯೋಗ ಖಾತ್ರಿಗೆ 2020-21ರ ಬಜೆಟ್ಟಿನಲ್ಲಿ ಇಟ್ಟದ್ದು 61,500 ಕೋಟಿ. ಊರಿಗೆ ಮರಳಿದವರು ಕೆಲಸ ಕೇಳಿ ಬಂದ ಮೇಲೆ ಅದಕ್ಕೆ ಇನ್ನೂ 40,000 ಕೋಟಿ ಸೇರಿಸಬೇಕಾಯಿತು. ಗೋವಾ, ಪುಣೆಯಿಂದ ವಿಜಯಪುರ, ಬಾಗಲಕೋಟೆಯ ತಾಂಡಾಗಳಿಗೆ ಮರಳಿ ಬಂದವರನ್ನು ನೋಡಿದವರಿಗೆ ಆ ದುಡ್ಡು ಎಲ್ಲಿ ಹೋಯಿತು ಎಂದು ಹೇಳಬೇಕಿಲ್ಲ.

ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದೂ ಆಯಿತು. 2020ರ ಮೇ ತಿಂಗಳಲ್ಲಿ ಕೇಂದ್ರ ಪೆಟ್ರೋಲ್ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ತೆರಿಗೆ ಏರಿಸಿತು. ಕಚ್ಚಾ ತೈಲ ಪಾತಾಳಕ್ಕೆ ಬಿದ್ದಿತ್ತು, ಹಾಗಾಗಿ ಬಂಕಿನ ದರದಲ್ಲಿ ಅವತ್ತು ಕಾಣಲಿಲ್ಲ. ಅದರಲ್ಲೂ ಒಂದು ಒಳಸುಳಿ. ಏರಿಕೆ ಪೂರ್ತಿ ಸೆಸ್ ಮತ್ತು ವಿಶೇಷ ಸುಂಕದ ರೂಪದಲ್ಲಿತ್ತು, ಅಂಥದ್ದರಲ್ಲಿ ರಾಜ್ಯಗಳಿಗೆ ಪಾಲಿಲ್ಲ.

ರಾಜ್ಯದ ಕೈ ಎಷ್ಟು ಕಟ್ಟಿದೆ ಎನ್ನುವುದು ಇಲ್ಲಿ ತಿಳಿಯಬೇಕು. ಕೇಂದ್ರಕ್ಕೆ ರಿಸರ್ವ್ ಬ್ಯಾಂಕಿನ ಬಲ ಇದೆ, ಬಜೆಟ್ ಹಳಿ ತಪ್ಪಿದರೂ ಸಾಲ ಎತ್ತಬಲ್ಲದು. ಕೇಂದ್ರದ ಸಾಲ ಬಾಕಿ ಇರುವ ರಾಜ್ಯ ಹೊಸ ಸಾಲ ಮಾಡಬೇಕಾದರೆ ಸಂವಿಧಾನದ 293ನೇ ವಿಧಿಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ಮೇಲೆ ನಮ್ಮದೇ ಕಾನೂನು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾನೂನು ಮಾಡಿದ ಮೊದಲ ರಾಜ್ಯ ಕರ್ನಾಟಕ, ಕೇಂದ್ರಕ್ಕಿಂತಲೂ ಒಂದು ವರ್ಷ ಮೊದಲು. ಆ ಕಾನೂನಿನಂತೆ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು. 2020ರಲ್ಲಿ ಕೇಂದ್ರ ಶೇ 5ರವರೆಗೆ ಸಾಲ ಮಾಡಲು ಬಿಟ್ಟಿತು, ನಮ್ಮಲ್ಲೂ ಕಾನೂನಿಗೆ ತಿದ್ದುಪಡಿ ಬಂತು. ಆದರೆ ಹೆಚ್ಚುವರಿ ಸಾಲದ ಬಹುಪಾಲಿಗೆ ಷರತ್ತುಗಳಿದ್ದವು: ಒಂದು ದೇಶ ಒಂದು ಪಡಿತರ, ವಿದ್ಯುತ್ ಕಂಪನಿಗಳ ಸುಧಾರಣೆ, ಇತ್ಯಾದಿ.

ಕೈ ಕಟ್ಟಿದವನು ಏನು ಕಡಿಯಬಲ್ಲ? ಪಗಾರ ಕಡಿಯಲಾಗದು, ಪಿಂಚಣಿ ಕಡಿಯಲಾಗದು, ಹಳೆಯ ಸಾಲದ ಬಡ್ಡಿಯನ್ನಂತೂ ಮುಟ್ಟುವಂತಿಲ್ಲ. ತುಟ್ಟಿಭತ್ಯೆಯನ್ನು ಒಂದೂವರೆ ವರ್ಷ ತಡೆ ಹಿಡಿದರು, ಅದೇ ದೊಡ್ಡ ಸುದ್ದಿಯಾಯಿತು. ಉಳಿಯುವುದು ಕಾಮಗಾರಿ. ಅರ್ಧ ಕಟ್ಟಿದ ಸೇತುವೆ ಯೂನಿಯನ್ ಮಾಡುವುದಿಲ್ಲ, ಧರಣಿ ಕೂರುವುದಿಲ್ಲ. ಅದಕ್ಕೇ ಮೊದಲ ಏಟು ಅದರ ಮೇಲೆ. ಗುಣಕದ ಲೆಕ್ಕದಲ್ಲಿ ಹೆಚ್ಚು ಕೆಲಸ ಕೊಡುವ ಖರ್ಚು ಯಾವುದೋ, ಕಡಿಯಲು ಸುಲಭವಾದದ್ದೂ ಅದೇ. ನನಗೆ ಇದು ಇಡೀ ವ್ಯವಸ್ಥೆಯ ದೊಡ್ಡ ದೋಷ ಎನಿಸುತ್ತದೆ.

ಇದು ಹೊಸ ಪಾಠವೇನಲ್ಲ, ನಮ್ಮ ಸೀಮೆಯಲ್ಲೇ ಕಲಿತದ್ದು. 1876ರಿಂದ 78ರವರೆಗಿನ ದೊಡ್ಡ ಬರ, ಧಾತು ಸಂವತ್ಸರದಲ್ಲಿ ಶುರುವಾದದ್ದು, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಇಂದಿನ ವಿಜಯಪುರ, ಬಾಗಲಕೋಟೆಯನ್ನು ಬಡಿಯಿತು. ಸರ್ಕಾರ ಬರದ ಕಾಮಗಾರಿ ತೆರೆಯಿತು: ಕೆರೆ ತೋಡುವುದು, ರಸ್ತೆ ಹಾಕುವುದು. ಖರ್ಚು ಏರುತ್ತಿದೆ ಎಂದು ವೈಸ್‌ರಾಯ್ ಲಿಟ್ಟನ್ ಹೆದರಿ, ಉಳಿತಾಯ ಮಾಡಲು ರಿಚರ್ಡ್ ಟೆಂಪಲ್‌ನನ್ನು ಕಳಿಸಿದ. ಆತ 1877ರಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಕಾಳಿಗೆ ಇಳಿಸಿದ, ಅಂದರೆ ಅರ್ಧ ಕಿಲೋಗಿಂತ ಕಡಿಮೆ, ಜೊತೆಗೆ ಚೂರು ಚಿಲ್ಲರೆ. ಅಷ್ಟು ತಿಂದು ಮಣ್ಣು ಹೊರಲು ಆಗುತ್ತದೆಯೇ? ಮುಂಬೈ ಪ್ರಾಂತ್ಯದಲ್ಲಿ ಕೂಲಿಗಳು ಕೆಲಸ ಬಿಟ್ಟು ಎದ್ದು ಹೋದರು. ಮದ್ರಾಸಿನ ವೈದ್ಯಾಧಿಕಾರಿ ಕಾರ್ನಿಶ್ ಇದು ಸಾಯಿಸುವ ಕೂಲಿ ಎಂದು ವಾದ ಮಾಡಿದರು. ಉಳಿತಾಯದ ಲೆಕ್ಕ ಬರೆದವನಿಗೆ ಹೆಸರು ಉಳಿಯಿತು, ಟೆಂಪಲ್ ಕೂಲಿ ಎಂದೇ ಇತಿಹಾಸದಲ್ಲಿ ಬರೆಯುತ್ತಾರೆ.

ಬರ ಮುಗಿದ ಮೇಲೆ ಅದೇ ಸರ್ಕಾರ ಬೇರೆ ಯೋಚನೆ ಮಾಡಿತು. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಬರದ ಹೆಸರಿನಲ್ಲಿ ತೆಗೆದಿಡುವುದು ಎಂದಾಯಿತು. ಆ ಹಣವನ್ನು ಅಫ್ಘಾನ್ ಯುದ್ಧಕ್ಕೆ ತಿರುಗಿಸಿದರು ಎಂಬ ಗಲಾಟೆಯೂ ಬೆನ್ನಿಗೇ ಎದ್ದಿತು, ಅದು ಬೇರೆ ಮಾತು. ಬರ ಬಂದಾಗ ಕಾಳು ಸಾಗಿಸಲು ರೈಲು ಬೇಕು ಎಂದು ಹಾಕಿದ ಹಳಿಗಳಲ್ಲಿ ಒಂದು ಹೊಟಗಿ–ಗದಗ ಮಾರ್ಗ, 1884ರಲ್ಲಿ ತೆರೆಯಿತು. ಇಂಡಿ, ವಿಜಯಪುರ, ಬಾಗಲಕೋಟೆ, ಬಾದಾಮಿಯ ಜನ ಇವತ್ತಿಗೂ ಓಡಾಡುವ ದಾರಿ ಅದು, ಈಗ ಬ್ರಾಡ್‌ಗೇಜ್ ಆಗಿದೆ. ಕೆಟ್ಟ ಕಾಲ ತೋರಿಸಿಕೊಟ್ಟ ಕೊರತೆಗೆ ಮಾಡಿದ ಖರ್ಚು ಒಂದೂ ಕಾಲು ಶತಮಾನ ದಾಟಿ ದುಡಿಯುತ್ತಿದೆ.

ಹತ್ತಿರದ ಉದಾಹರಣೆ ಬೇಕೆಂದರೆ ಗ್ರೀಸ್ ನೋಡಿ. 2010ರ ನಂತರ ಸಾಲ ಕೊಟ್ಟವರ ಒತ್ತಾಯಕ್ಕೆ ಪಗಾರ, ಪಿಂಚಣಿ, ಆಸ್ಪತ್ರೆ ಖರ್ಚು ಎಲ್ಲ ಕಡಿದರು, ತೆರಿಗೆ ಏರಿಸಿದರು. 2008ರಿಂದ 2013ರ ಹೊತ್ತಿಗೆ ದೇಶದ ಉತ್ಪನ್ನವೇ ಸುಮಾರು ಕಾಲುಭಾಗ ಕುಗ್ಗಿತು. 2012ರಲ್ಲಿ ಸಾಲದ ಒಂದು ದೊಡ್ಡ ಪಾಲು ಮನ್ನಾ ಆದರೂ, ಜಿಡಿಪಿಗೆ ಹೋಲಿಸಿದರೆ ಸಾಲ ಇಳಿಯುವ ಬದಲು ಏರಿತ್ತು. ಗುಣಕವನ್ನು ಕಡಿಮೆ ಅಂದಾಜು ಮಾಡಿದ್ದೆವು ಎಂದು ಐಎಂಎಫ್‌ನ ಅರ್ಥಶಾಸ್ತ್ರಜ್ಞರೇ 2013ರಲ್ಲಿ ಬರೆದರು. 100 ಗಳಿಸುವವನಿಗೆ 60 ಸಾಲ ಇದ್ದು, ಗಳಿಕೆ 80ಕ್ಕೆ ಇಳಿದರೆ ಅವನು ಒಂದು ಪೈಸೆ ಹೊಸ ಸಾಲ ಮಾಡದೆಯೂ ಶೇ 60ರಿಂದ ಶೇ 75ಕ್ಕೆ ಏರುತ್ತಾನೆ. ಅಷ್ಟೇ ಗಣಿತ.

ಹಾಗೆಂದು ಸಾಲ ಮಾಡುವುದೇ ಜಾಣತನ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಭಯ. ಎಂಬತ್ತರ ದಶಕದುದ್ದಕ್ಕೂ, ಬೆಳವಣಿಗೆ ಚೆನ್ನಾಗಿದ್ದಾಗಲೂ ಕೊರತೆ ಬೆಳೆಸುತ್ತ ಹೋದದ್ದು 1991ರಲ್ಲಿ ಬಂಗಾರ ಅಡ ಇಡುವ ಸ್ಥಿತಿಗೆ ತಂದ ಕಾರಣಗಳಲ್ಲಿ ಒಂದು. ಬಡ್ಡಿ ಎನ್ನುವುದು ಮುಂದಿನ ವರ್ಷದ ಶಾಲೆ, ಆಸ್ಪತ್ರೆಯ ಪಾಲನ್ನು ಮೊದಲೇ ತಿಂದು ಕೂರುವ ಅತಿಥಿ.

ನಮ್ಮ ಹಿರಿಯರಿಗೆ ಇದರ ಉತ್ತರ ಗೊತ್ತಿತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ವಿಜಯಪುರದ ಕಡೆ ಇದೆ, ಡೋಣಿ ಎಂದರೆ ಅಲ್ಲಿನ ಹೊಳೆ. ಓಣಿಯೆಲ್ಲ ಜೋಳವಾದ ವರ್ಷ ಅದನ್ನು ಹಗೇವಿಗೆ ತುಂಬುತ್ತಿದ್ದರು. ನೆಲದೊಳಗಿನ ಆ ಹಗೇವಿನ ಬಾಯಿ ತೆರೆಯುತ್ತಿದ್ದದ್ದು ಮಳೆ ಕೈಕೊಟ್ಟ ವರ್ಷ. ನಮ್ಮ ಸರ್ಕಾರಗಳು ಮಾಡುವುದು ತಿರುಗಾಮುರುಗಾ. ಜಿಎಸ್‌ಟಿ ತುಂಬಿ ಬಂದ ವರ್ಷ, ಅದೂ ಚುನಾವಣೆ ಹತ್ತಿರ ಇದ್ದರೆ, ಹೊಸ ಹೊಸ ಘೋಷಣೆ. ತೆರಿಗೆ ಬಿದ್ದ ವರ್ಷ ಶಿಸ್ತಿನ ನೆನಪು. ಜೋಳ ಬೆಳೆದ ವರ್ಷ ಹಬ್ಬ ಮಾಡಿ, ಬರದ ವರ್ಷ ಉಪವಾಸದ ಮಹಿಮೆ ಹೇಳಿದಂತೆ. ಶೇ 3ರ ಮಿತಿಯನ್ನು ಪ್ರತಿ ವರ್ಷಕ್ಕೂ ಒಂದೇ ಅಳತೆಯಲ್ಲಿ ಹಾಕಿದ್ದೂ ಇದಕ್ಕೆ ನೆರವಾಗಿದೆ. ಒಳ್ಳೆಯ ವರ್ಷ ಶೇ 3 ಎಂದರೆ ಸಡಿಲ, ಕೆಟ್ಟ ವರ್ಷ ಅದೇ ಶೇ 3 ಕುತ್ತಿಗೆಗೆ ಬಿಗಿ.

ಮುಂದಿನ ಸಲ ಬಜೆಟ್ ಬಂದಾಗ ಹೊಸ ಘೋಷಣೆಗಳ ಪಟ್ಟಿ ಬಿಟ್ಟು, ಹಿಂದಿನ ವರ್ಷಗಳ ಅಂಕಣಗಳನ್ನು ನೋಡಿ. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಲೆಕ್ಕ ಎಂದು ಬೇರೆ ಬೇರೆ ಇರುತ್ತವೆ. ಬಂಡವಾಳ ವೆಚ್ಚ ಎಂಬ ಸಾಲಿನಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಎಷ್ಟು ಅಂತರ ಇದೆ ನೋಡಿ. ಕಾಕಾನಂಥವರ ಎಲ್‌ಒಸಿ ಅಡಗಿರುವುದು ಆ ಅಂತರದಲ್ಲಿ.

ಅಂದಹಾಗೆ ಆ ಕೋಣೆಗಳು ಮುಗಿದವು, ಎರಡು ಮಳೆಗಾಲ ಕಳೆದ ಮೇಲೆ. ಸ್ಲ್ಯಾಬ್ ಹಾಕುವ ಮೊದಲು ಸರಳುಗಳನ್ನು ತಂತಿಯ ಬ್ರಶ್‌ನಿಂದ ಉಜ್ಜಲು ಇಬ್ಬರು ಆಳು ನಾಲ್ಕು ದಿನ ಕೆಲಸ ಮಾಡಿದರು. ಕೆಲವು ಸರಳು ಉಜ್ಜಿದಷ್ಟೂ ಪದರ ಪದರ ಉದುರಿದವು, ಅವನ್ನು ಕತ್ತರಿಸಿ ಹೊಸದು ಜೋಡಿಸಬೇಕಾಯಿತು. ಅಷ್ಟರಲ್ಲಿ ಕಬ್ಬಿಣದ ದರ ಏರಿತ್ತು. ಇಂಜಿನಿಯರ್ ಮತ್ತೆ ಅಂದಾಜು ಪಟ್ಟಿ ಬರೆದರು. ಹಳೆಯದಕ್ಕಿಂತ ಎಷ್ಟು ಜಾಸ್ತಿ ಎಂದು ಕೇಳಿದೆ. ಕಾಕಾ ನಕ್ಕರು. "ಉಳಿಸಿದ್ರಲ್ಲೋ ತಮ್ಮಾ ಸರ್ಕಾರದವರು, ಅಷ್ಟು ಹೆಚ್ಚಿಗಿ" ಎಂದರು.